ನಾಲ್ಕನೇ ಕೋಣೆಯ ಗೋಡೆ

ಇಪ್ಪತ್ತೆಂಟು ಸಾವಿರ ಇಟ್ಟಿಗೆ, ಹತ್ತೊಂಬತ್ತು ಲಾರಿ ಮರಳು, ನಾನೂರ ಹತ್ತು ಚೀಲ ಸಿಮೆಂಟು. ಆರು ಕೋಣೆಗೆ ಆರು ಬಾಗಿಲು, ಹನ್ನೆರಡು ಕಿಟಕಿ. ಹನ್ನೊಂದು ತಿಂಗಳ ಕೂಲಿ. ಇಷ್ಟನ್ನೂ ಕೂಡಿಸಿ ಅಕ್ಕನ ಲೆಕ್ಕಕ್ಕೆ ತಂದರೆ ಮೂವತ್ತೊಂದು ವರ್ಷದ ಚಾಕರಿ. ಮೂವತ್ತೊಂದು ವರ್ಷ ಆಸ್ಪತ್ರೆಯಲ್ಲಿ ಕಂಡವರ ಹಾಸಿಗೆ ಬದಲಾಯಿಸಿ, ಕಂಡವರ ಗಾಯ ತೊಳೆದು, ಬೈಸಿಕೊಂಡು, ಕೊನೆಗೆ ನಿವೃತ್ತಿಯ ದಿನ ಕೈಗೆ ಬಂದ ಗಂಟು ಪೂರ್ತಿ ಆ ಕಟ್ಟಡದೊಳಗೆ ಹೋಯಿತು. ಸಾಲದ್ದಕ್ಕೆ ಎರಡು ಬಳೆಯೂ ಹೋದವು. ಅವು ಕೊನೆಯ ಎರಡು ಕಿಟಕಿಗಳಾದವು ಎಂದು ಅವಳೇ ನಗುತ್ತಾ ಹೇಳುತ್ತಿದ್ದಳು.

ಗಂಡನಿಲ್ಲ, ಮಕ್ಕಳಿಲ್ಲ. ಕೆಲಸಕ್ಕೆಂದು ಬೇರೆ ಊರುಗಳಿಂದ ಬರುವ ಹೆಣ್ಣುಮಕ್ಕಳಿಗೆ ಒಂದು ಹಾಸ್ಟೆಲು ನಡೆಸಬೇಕು, ಅದರಲ್ಲೇ ತನ್ನ ಮುಪ್ಪೂ ಕಳೆಯಬೇಕು ಎಂಬುದು ಅವಳ ಆಸೆ. ಬಾಡಿಗೆ ಬಂದರೆ ಊಟ, ಹುಡುಗಿಯರಿದ್ದರೆ ಮಾತು. ಅದಕ್ಕಿಂತ ಹೆಚ್ಚು ಅವಳು ಕೇಳಿರಲಿಲ್ಲ.

ಕಟ್ಟಿದವನು ಸ್ವಂತ ತಮ್ಮ. ಊರಿಗೆಲ್ಲ ಅವನು ಗುಂಡು ಮೇಸ್ತ್ರಿ. ಹೆಸರು ಕೇಳಿ ಹೊಟ್ಟೆ ಬಿಟ್ಟ ಆಳೆಂದು ಹುಡುಕಿಕೊಂಡು ಬಂದವರು, ಎದುರಿಗೆ ಕಡ್ಡಿಯಂಥ ಮನುಷ್ಯನನ್ನು ಕಂಡು ಪೆಚ್ಚಾಗುತ್ತಿದ್ದರು. ಗುಂಡು ಎಂದರೆ ಗೋಡೆ ನೆಟ್ಟಗಿದೆಯೇ ಎಂದು ನೋಡಲು ಅವನ ಜೇಬಿನಲ್ಲಿ ಸದಾ ಇರುತ್ತಿದ್ದ ತೂಗುಗುಂಡು. ಯಾರ ಮನೆಗೆ ಹೋದರೂ, ಕೊನೆಗೆ ಸಾವಿನ ಮನೆಗೆ ಹೋದರೂ, ಅಳುವವರ ಮುಖ ನೋಡುವ ಮೊದಲು ಗೋಡೆಯ ಮೂಲೆ ನೋಡುತ್ತಿದ್ದ. ಅವನು ಕಟ್ಟಿದ ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕು ತೋರಿಸಿದವರಿಲ್ಲ. ಆ ಮಾತನ್ನು ಜನ ಹೇಳಿದಾಗ ತಲೆ ತಗ್ಗಿಸುತ್ತಿದ್ದ. ಹೇಳದೇ ಇದ್ದಾಗ ತಾನೇ ನೆನಪಿಸುತ್ತಿದ್ದ.

ಅಂಥವನು ಅಕ್ಕನ ಕಟ್ಟಡದಲ್ಲಿ ಒಂದು ತಪ್ಪು ಮಾಡಿದ.

ಮೊದಲ ಯೋಜನೆಯಲ್ಲಿ ಮೂರನೇ ಕೋಣೆಯ ಜಾಗದಲ್ಲಿ ಅಡುಗೆಮನೆಯಿತ್ತು. ಅದಕ್ಕೂ ನಾಲ್ಕನೇ ಕೋಣೆಗೂ ನಡುವಿನ ಗೋಡೆಯೊಳಗೆ ಮೇಸ್ತ್ರಿ ಹೊಗೆಗೂಡು ಎಬ್ಬಿಸಿದ್ದ. ಗೋಡೆಯ ಹೊಟ್ಟೆಯಲ್ಲಿ ಒಂದು ಮೊಳ ಅಗಲದ ಟೊಳ್ಳು, ನೆಲದಿಂದ ತಾರಸಿಯ ಆಚೆಗೆ. ಅದು ತಾರಸಿ ದಾಟಿದ ವಾರದಲ್ಲೇ ಅಕ್ಕ ಬಂದು, "ಲೋ, ಅಡುಗೆಮನೆ ಹಿಂದುಗಡೆ ಮಾಡು ಕಣೋ. ಒಗ್ಗರಣೆ ಘಾಟು ಹುಡುಗಿಯರ ಬಟ್ಟೆಗೆಲ್ಲ ಹಿಡಿಯುತ್ತೆ. ಇಲ್ಲೂ ಒಂದು ಕೋಣೆ ಆದರೆ ನನಗೂ ಒಂದು ಬಾಡಿಗೆ ಜಾಸ್ತಿ" ಎಂದಳು.

ಕಟ್ಟಿದ್ದನ್ನು ಕೆಡವಲು ಯಾವ ಮೇಸ್ತ್ರಿಗೂ ಕೈ ಬರುವುದಿಲ್ಲ. ಅವನು ಹೊಗೆಗೂಡಿನ ಕೆಳಬಾಯಿಯನ್ನು ಇಟ್ಟಿಗೆಯಿಂದ ಮುಚ್ಚಿ, ಮೇಲೆ ನುಣ್ಣಗೆ ಗಾರೆ ಬಳಿದ. ಆ ಗಾರೆ ಕಲಸಿಕೊಟ್ಟವಳು ಬಾಂಡ್ಲಿಯಮ್ಮ. ಇಪ್ಪತ್ತು ವರ್ಷದಿಂದ ಅವನ ಕೆಲಸಗಳಲ್ಲಿ ಬಾಂಡ್ಲಿ ತುಂಬ ಮರಳು, ಗಾರೆ ಹೊರುತ್ತಿದ್ದ ಹೆಂಗಸು. "ಮೇಸ್ತ್ರಿ, ಮೇಲಿನ ಬಾಯಿ?" ಎಂದು ಅವಳು ಕೇಳಿದಳು. "ಸದ್ಯಕ್ಕೆ ಒಂದು ತಗಡು ಇಟ್ಟು ಕಲ್ಲು ಹೇರು. ತಾರಸಿ ಕೆಲಸ ಮುಗಿಸೋವಾಗ ಮುಚ್ಚೋಣ" ಎಂದ. ಒಂದು ಬಾಯಿ ಮುಚ್ಚಿ ಇನ್ನೊಂದು ಬಾಯಿ ಬಿಟ್ಟ ಟೊಳ್ಳು ಗಾಳಿಗೆ ಊದುವ ಕೊಳವೆಯಾಗುತ್ತದೆ ಎಂದು ಅವನೇ ಎಷ್ಟೋ ಕೈಯಾಳುಗಳಿಗೆ ಹೇಳಿಕೊಟ್ಟಿದ್ದ. ಆದರೆ ಮುಂದಿನ ವಾರ ಊರಾಚೆ ದೊಡ್ಡ ಮಳಿಗೆಯ ಕೆಲಸ ಶುರುವಾಯಿತು. ಅದೇ ವಾರ ಬಾಂಡ್ಲಿಯಮ್ಮನ ಮಗಳಿಗೆ ಹೆರಿಗೆಯೆಂದು ಸುದ್ದಿ ಬಂದು, ಅವಳು ಮಧ್ಯಾಹ್ನದ ಬಸ್ಸಿಗೆ ಅರ್ಧ ದಿನದ ಕೂಲಿಯನ್ನೂ ಬಿಟ್ಟು ಓಡಿದಳು, ಮೊಮ್ಮಗುವನ್ನು ನೋಡಿಕೊಳ್ಳುತ್ತಾ ಅಲ್ಲೇ ಉಳಿದಳು. ತಗಡಿನ ವಿಷಯ ನೆನಪಿಸುವವರು ಯಾರೂ ಉಳಿಯಲಿಲ್ಲ.

ಹಾಸ್ಟೆಲು ತೆರೆದು ಮೂರು ತಿಂಗಳಿಗೆ ಆರೂ ಕೋಣೆ ತುಂಬಿದವು. ನಾಲ್ಕನೆಯದರಲ್ಲಿ ಟೆಲಿಫೋನ್ ಕಚೇರಿಯ ಹುಡುಗಿ. ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವವಳು. ಒಂದು ಮಧ್ಯಾಹ್ನ ಪಡುವಣ ಗಾಳಿ ಎದ್ದಾಗ ಅವಳು ಹೊದಿಕೆ ಸುತ್ತಿಕೊಂಡೇ ಅಂಗಳಕ್ಕೆ ಓಡಿಬಂದಳು.

"ಆಂಟಿ, ಗೋಡೆ ಅಳ್ತಾ ಇದೆ!"

"ನಿದ್ದೆಗಣ್ಣಲ್ಲಿ ಏನೋ ಕೇಳಿಸಿರಬೇಕು ಕಣೇ."

"ಇಲ್ಲ ಆಂಟಿ. ದಿನಾ ಸಾವಿರ ದನಿ ಕೇಳೋ ಕಿವಿ ನಂದು. ಬಾಯಿಗೆ ಬಟ್ಟೆ ತುರುಕಿದರೆ ಹೆಂಗಸು ಅಳ್ತಾಳಲ್ಲ, ಹಾಗಿದೆ."

ಅಕ್ಕ ತಮ್ಮನಿಗೆ ಹೇಳಿಕಳಿಸಿದಳು. ಮೇಸ್ತ್ರಿ ಬಂದು ಗೋಡೆಗೆ ಅಂಗೈ ಇಟ್ಟ. ಒಳಗಿನ ನಡುಕ ಅಂಗೈಗೆ ತಾಗಿತು. ತಗಡು ಹಾರಿಹೋಗಿದೆ ಎಂದು ಅವನಿಗೆ ಆ ಕ್ಷಣದಲ್ಲೇ ತಿಳಿಯಿತು. ಬಾಯಿ ತೆರೆಯಬೇಕು, ಅಷ್ಟರಲ್ಲಿ ಅಕ್ಕ ಅಲ್ಲಿ ಸೇರಿದ್ದ ಹುಡುಗಿಯರ ಕಡೆ, ಬೇಲಿಯಾಚೆಯಿಂದ ಇಣುಕುತ್ತಿದ್ದವರ ಕಡೆ ತಿರುಗಿ ದೊಡ್ಡ ದನಿಯಲ್ಲಿ ಹೇಳಿದಳು: "ನೋಡ್ರಮ್ಮ, ಇದು ನನ್ನ ತಮ್ಮ ಕಟ್ಟಿದ್ದು. ಇದರಲ್ಲಿ ಒಂದು ಕುಂದು ತೋರಿಸಿದವರಿಗೆ ಆರು ತಿಂಗಳ ಬಾಡಿಗೆ ಮಾಫಿ."

ಮೇಸ್ತ್ರಿ ಗೋಡೆಯಿಂದ ಅಂಗೈ ತೆಗೆದ. "ಏನಿಲ್ಲ ಅಕ್ಕ, ಗಾಳಿ" ಎಂದ. ಸುಳ್ಳಲ್ಲ, ನಿಜವೂ ಅಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಮಾತು.

ಯಾವುದಾದರೊಂದು ದಿನ ಏಣಿ ತಂದು, ನೀರಿನ ತೊಟ್ಟಿ ನೋಡುವ ನೆಪದಲ್ಲಿ ಮೇಲೆ ಹೋಗಿ ಮುಚ್ಚಿಬಿಟ್ಟರಾಯಿತು ಎಂದುಕೊಂಡ. ಎರಡು ವಾರದಲ್ಲಿ ಗಾಳಿ ದಿಕ್ಕು ಬದಲಾಯಿಸಿತು. ಸದ್ದು ನಿಂತಿತು. ಸದ್ದಿನ ಜೊತೆಗೆ ಅವನ ಅವಸರವೂ ನಿಂತಿತು.

ಮನೆ ಕಟ್ಟಲು ಹನ್ನೊಂದು ತಿಂಗಳು ಬೇಕು. ಅದಕ್ಕೊಂದು ಕಥೆ ಕಟ್ಟಲು ಒಂದು ಬೆಳಗ್ಗೆ ಸಾಕು. ಮರುವರ್ಷ ಗಾಳಿ ಬರುವ ಹೊತ್ತಿಗೆ ಕಥೆಗೆ ಪಾಯ, ಗೋಡೆ, ತಾರಸಿ ಎಲ್ಲ ಆಗಿತ್ತು. ಎದುರಿನ ಇಸ್ತ್ರಿ ಅಂಗಡಿಯವನು ಒಂದು ದಿನ ಯಾರಿಗೋ ಹೇಳಿದನಂತೆ: "ಕಟ್ಟೋವಾಗ ಒಬ್ಬಳು ಕೂಲಿ ಹೆಂಗಸು ಇದ್ದಳು. ದಿನಾ ಬೆಳಗ್ಗೆ ಒಳಗೆ ಹೋಗೋದು ನೋಡ್ತಿದ್ದೆ. ಒಂದು ದಿನ ಹೋದವಳು ಹೊರಗೆ ಬಂದಿದ್ದು ನಾನಂತೂ ನೋಡಲಿಲ್ಲಪ್ಪ." ಅವನು ಹೇಳಿದ್ದು ಅಷ್ಟೇ. ಉಳಿದದ್ದನ್ನು ಕೇಳಿದವರು ತುಂಬಿಕೊಂಡರು. ಬಿದಿರ ಸಾರವೆಯಿಂದ ಬಿದ್ದು ಸತ್ತಳು. ಪೊಲೀಸು, ಪಂಚಾಯಿತಿ ಯಾಕೆಂದು ಗೋಡೆಯೊಳಗೇ ಸೇರಿಸಿಬಿಟ್ಟರು. ಎಲ್ಲಿ? ನಾಲ್ಕನೇ ಕೋಣೆಯಲ್ಲಿ. ಅಳುವುದು ಯಾರು? ಅವಳೇ.

ಅದಾದ ಮೇಲೆ ಕಟ್ಟಡದ ಮುಖವೇ ಬದಲಾದಂತೆ ಜನಕ್ಕೆ ಕಂಡಿತು. ಇದ್ದ ಕಿಟಕಿಗಳೇ ಇದ್ದವು, ಆದರೆ ಈಗ ಅವು ದಿಟ್ಟಿಸಿ ನೋಡುತ್ತಿದ್ದವು. ನೆರಳಿಗೆಂದು ಅಕ್ಕ ಬಿಡಿಸಿದ್ದ ಉದ್ದನೆ ಸಜ್ಜಾ ಹುಬ್ಬು ಗಂಟಿಕ್ಕಿದ ಹಾಗಿತ್ತು. ಹಾಲಿನವನು ಪಾತ್ರೆಯನ್ನು ಗೇಟಿನಲ್ಲೇ ಇಟ್ಟು ಗಂಟೆ ಬಾರಿಸಿ ಹೋಗತೊಡಗಿದ. ಟೆಲಿಫೋನ್ ಹುಡುಗಿಯನ್ನು ಒಪ್ಪಿದ್ದ ಹುಡುಗನ ತಾಯಿ, "ಒಂದು ವರ್ಷ ಆ ಕೋಣೆಯಲ್ಲಿ ಮಲಗಿದ ಹುಡುಗಿ ನಮಗೆ ಬೇಡ" ಎಂದು ಹೇಳಿಕಳಿಸಿದಳು. ಆ ಹುಡುಗಿ ಮೊದಲು ಹೊರಟಳು. ಅವಳ ಹಿಂದೆ ಇಬ್ಬರು. ಮತ್ತೆ ಇನ್ನೊಬ್ಬಳು.

ಮೇಸ್ತ್ರಿಯ ಹೆಂಡತಿಗೆ ಮೊದಲೇ ಅನುಮಾನವಿತ್ತು. ಊಟಕ್ಕೆ ಕೂತಾಗ ಕೇಳಿದಳು. "ಅತ್ತಿಗೆ ಮನೆ ಗೋಡೆ ಮಾತು ಬಂದರೆ ನೀವು ಅನ್ನ ಕಲಸೋದು ನಿಲ್ಲಿಸ್ತೀರ. ಏನು ಹೂತಿದ್ದೀರ ಅದರೊಳಗೆ?"

"ಬಾಯಿ ಮುಚ್ಚೇ. ಏನೂ ಇಲ್ಲ ಅದರಲ್ಲಿ."

"ಏನೂ ಇಲ್ಲದಿದ್ದರೆ ತೋರಿಸಿಬಿಡಿ. ಹೆಣ ಇದ್ದರೆ ಮುಚ್ಚಿಡಬೇಕು, ಖಾಲಿ ಇದ್ದರೆ ಯಾಕೆ?"

ಖಾಲಿ ಇರುವುದೇ ತನ್ನ ಕಷ್ಟ ಎಂದು ಅವನು ಹೇಳಲಿಲ್ಲ.

ಬದಲಿಗೆ ಬೇರೊಂದು ಉಪಾಯ ಹೂಡಿದ. ಸತ್ತಳೆನ್ನುವ ಹೆಂಗಸನ್ನು ಜೀವಂತ ತಂದು ನಿಲ್ಲಿಸಿದರೆ ಊರ ಬಾಯಿ ತಾನಾಗಿ ಮುಚ್ಚುತ್ತದೆ, ಹೊಗೆಗೂಡಿನ ಮಾತೂ ಬರುವುದಿಲ್ಲ. ಬಸ್ಸು ಹತ್ತಿ ಬಾಂಡ್ಲಿಯಮ್ಮನ ಮಗಳ ಊರಿಗೆ ಹೋದ. ವಿಷಯ ಕೇಳಿ ಬಾಂಡ್ಲಿಯಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ನಾನು ಸತ್ತಿದ್ದು ನನಗೊಬ್ಬಳಿಗೇ ಗೊತ್ತಾಗಲಿಲ್ಲವಲ್ಲ ಮೇಸ್ತ್ರಿ! ಮೂರು ಹೊತ್ತು ತಿಂತಾ ಇದೀನಿ."

ದಾರಿಯಲ್ಲಿ ಬಸ್ಸಿನೊಳಗೆ ಅವಳೇ ತಗ್ಗಿದ ದನಿಯಲ್ಲಿ ಕೇಳಿದಳು: "ಸದ್ದು ಅಂದರೆ ಆ ಹೊಗೆಗೂಡಲ್ವ? ತಲೆ ಮುಚ್ಚಲಿಲ್ಲವಾ ನೀವು?"

ಮೇಸ್ತ್ರಿ ಕಿಟಕಿಯಾಚೆ ನೋಡಿದ. "ಆ ಮಾತು ಅಲ್ಲಿ ಎತ್ತಬೇಡ. ಮುಂದಿನ ತಿಂಗಳು ದೊಡ್ಡ ಕೆಲಸ ಹಿಡೀತಿದೀನಿ. ನಿನ್ನನ್ನೇ ಕರಕೋತೀನಿ."

ಅವಳಿಗೆ ಅರ್ಥವಾಯಿತು. ಇಪ್ಪತ್ತು ವರ್ಷ ತಲೆಯ ಮೇಲೆ ಭಾರ ಹೊತ್ತವಳಿಗೆ ಇನ್ನೊಂದು ಹೊರುವುದು ಹೊಸದಲ್ಲ.

ಕಟ್ಟಡದ ಮುಂದೆ ಮೇಸ್ತ್ರಿ ಅವಳನ್ನು ನಿಲ್ಲಿಸಿ ಇಸ್ತ್ರಿ ಅಂಗಡಿಯವನನ್ನು ಕೂಗಿದ. "ನೋಡಯ್ಯ! ಇವಳೇ ತಾನೆ? ಸರಿಯಾಗಿ ನೋಡು!"

ಇಸ್ತ್ರಿಯವನು ನೋಡಿದ. ಅವನ ಕೈಲಿದ್ದ ಪೆಟ್ಟಿಗೆ ಯಾರದೋ ಅಂಗಿಯ ಮೇಲೆ ಹಾಗೇ ಉಳಿದು ಹೊಗೆ ಎದ್ದಿತು. ಹತ್ತು ಜನ ಸೇರಿದರು, ಆದರೆ ಎಲ್ಲರೂ ರಸ್ತೆಯ ಆಚೆ ಬದಿಯಲ್ಲೇ ನಿಂತರು.

"ಅವಳೇ... ಅವಳೇ ಬಂದವಳೆ" ಎಂದ ಒಬ್ಬ.

"ಛೇ, ಇವಳು ಬೇರೆ. ಆಕೆ ಇನ್ನೂ ಕಪ್ಪಗಿದ್ದಳು. ಮೇಸ್ತ್ರಿ ಯಾರನ್ನೋ ಕಾಸು ಕೊಟ್ಟು ತಂದವನೆ" ಎಂದ ಇನ್ನೊಬ್ಬ.

"ಕಾಸು ಕೊಟ್ಟು ಯಾಕೆ ತರಬೇಕು, ಹೇಳು? ಮುಚ್ಚಿಡೋಕೆ ಏನೋ ಇದೆ, ಅದಕ್ಕೆ."

ಬಾಂಡ್ಲಿಯಮ್ಮ ಸೊಂಟಕ್ಕೆ ಕೈ ಇಟ್ಟಳು. "ಲೋ ಮುಂಡೇವಾ, ಬಂದು ಮುಟ್ಟಿ ನೋಡ್ರೋ! ದೆವ್ವಕ್ಕೆ ಮಂಡಿನೋವು ಬರುತ್ತೇನ್ರೋ? ಎರಡು ಗಂಟೆ ಬಸ್ಸಲ್ಲಿ ಕೂತು ಬಂದಿದೀನಿ, ಒಂದು ಲೋಟ ಚಹಾ ಕೊಡ್ರೋ ಯಾರಾದರೂ!"

ಯಾರೂ ಕೊಡಲಿಲ್ಲ. ಮೂಲೆಯ ಚಹಾದಂಗಡಿಯವನು ಲೋಟ ತುಂಬಿ ನೆಲದ ಮೇಲಿಟ್ಟು ಹಿಂದೆ ಸರಿದ. ಅವಳು ಆ ಲೋಟವನ್ನೂ ಆ ಜನರನ್ನೂ ಒಂದು ಸಲ ನೋಡಿದಳು. ಆಮೇಲೆ ಅವಳ ಬಾಯಿಂದ ತಮಾಷೆ ಹೊರಡಲಿಲ್ಲ. ಒಳಗೆ ಕರೆದು ಊಟಕ್ಕೆ ಹಾಕಿದವಳು ಅಕ್ಕನೊಬ್ಬಳೇ. ಉಂಡು, ಕೈ ತೊಳೆದು, ಬಾಂಡ್ಲಿಯಮ್ಮ ಸಂಜೆಯ ಬಸ್ಸಿಗೆ ಹೋದಳು. ಮುಂದಿನ ತಿಂಗಳು ಮೇಸ್ತ್ರಿ ಹಿಡಿದ ಕೆಲಸಕ್ಕೆ ಬಂದಾಗ ಬೇರೆ ಆಳುಗಳು ಅವಳ ಜೊತೆ ಸಾರವೆ ಹತ್ತಲು ಒಪ್ಪಲಿಲ್ಲ. ಎರಡನೇ ದಿನವೇ ಅವನು ಅವಳನ್ನು ಕಳಿಸಿಬಿಟ್ಟ.

ಕೊನೆಗೆ ಒಂದು ಭಾನುವಾರ ಮಧ್ಯಾಹ್ನ ಅವನು ಏಣಿ ಹಾಕಿ ತಾರಸಿ ಹತ್ತಿದ. ತೊಟ್ಟಿ ನೋಡುತ್ತೇನೆ ಎಂದು ಅಕ್ಕನಿಗೆ ಹೇಳಿದ. ಹೊಗೆಗೂಡಿನ ಬಾಯಿ ಮುಚ್ಚಲು ಕಾಲು ಗಂಟೆ ಹಿಡಿಯಿತು. ಕಾಲು ಗಂಟೆಯ ಕೆಲಸವನ್ನು ಎರಡು ವರ್ಷ ಮುಂದೂಡಿದ್ದೆ ಎಂದು ಅವನಿಗೆ ಅಲ್ಲಿ ಕೂತಾಗ ಅನ್ನಿಸಿತು. ಆದರೂ ಇಳಿಯುವಾಗ ಹಗುರಾಗಿದ್ದ.

ಗಾಳಿ ಬೀಸಿತು. ಗೋಡೆ ಅಳಲಿಲ್ಲ.

ಉಳಿದಿದ್ದ ಇಬ್ಬರು ಹುಡುಗಿಯರು ಎರಡು ದಿನ ಸದ್ದಿಗಾಗಿ ಕಾದರು. ಮೂರನೇ ದಿನ ಪೆಟ್ಟಿಗೆ ಕಟ್ಟಿದರು.

"ಯಾಕ್ರಮ್ಮ? ಈಗ ಸದ್ದೇ ಇಲ್ಲವಲ್ಲ?" ಎಂದಳು ಅಕ್ಕ.

"ಅದಕ್ಕೇ ಆಂಟಿ. ಅಳ್ತಾ ಇರೋವರೆಗೆ ಅದು ಗೋಡೆಯೊಳಗಿದೆ ಅಂತ ಗೊತ್ತಿತ್ತು. ಈಗ ಎಲ್ಲಿದೆ?"

ರೋಗಿಗಳ ಭಯವನ್ನು ಮೂವತ್ತೊಂದು ವರ್ಷ ಕಂಡವಳು ಅಕ್ಕ. ಸೂಜಿ ಚುಚ್ಚುವ ಮೊದಲು ಸೂಜಿ ತೋರಿಸಿದರೆ ಮಕ್ಕಳು ಕಡಿಮೆ ಅಳುತ್ತವೆ ಎಂಬುದು ಗೊತ್ತಿತ್ತು. ಆ ಸಂಜೆ ತಮ್ಮನನ್ನು ಕರೆಸಿ ನಾಲ್ಕನೇ ಕೋಣೆಯಲ್ಲಿ ಕೂರಿಸಿಕೊಂಡಳು.

"ಈ ಗೋಡೆ ಒಡೆದುಬಿಡೋಣ ಕಣೋ. ಎಲ್ಲರ ಎದುರಿಗೆ. ಇಸ್ತ್ರಿಯವನನ್ನ ಮುಂದೆ ನಿಲ್ಲಿಸಿ ಅವನ ಕೈಗೇ ಸುತ್ತಿಗೆ ಕೊಡೋಣ. ಒಳಗೆ ಏನಿಲ್ಲ ಅಂತ ಕಣ್ಣಾರೆ ನೋಡಲಿ. ಆಮೇಲೆ ಮತ್ತೆ ಕಟ್ಟು. ಎಷ್ಟಾದರೂ ಆಗಲಿ."

ಅಷ್ಟು ಸರಳವಾಗಿತ್ತು. ಒಡೆದರೆ ಟೊಳ್ಳು ಕಾಣುತ್ತಿತ್ತು, ಸದ್ದಿನ ಗುಟ್ಟು ಊರಿಗೆ ತಿಳಿಯುತ್ತಿತ್ತು, ಜನ ಒಂದು ವಾರ ನಗುತ್ತಿದ್ದರು. ದೆವ್ವವನ್ನು ಕಂಡು ಹೆದರಿದ್ದಕ್ಕೆ ಅರ್ಧ ನಗು, ಗುಂಡು ಮೇಸ್ತ್ರಿಯ ಕೆಲಸ ಕಂಡು ಇನ್ನರ್ಧ. ಆ ಇನ್ನರ್ಧವನ್ನು ಅವನು ನುಂಗಲಾರದೆ ಹೋದ.

"ಆಗಲ್ಲ ಅಕ್ಕ" ಎಂದ. "ತಾರಸಿ ಭಾರ ಪೂರಾ ಈ ಗೋಡೆ ಮೇಲಿದೆ. ಒಡೆದರೆ ಕಟ್ಟಡ ಕೂತುಬಿಡುತ್ತೆ."

ಸುಳ್ಳು. ಟೊಳ್ಳು ಗೋಡೆ ಭಾರ ಹೊರುವುದಿಲ್ಲವೆಂದು ಅವನೇ ಮೇಲೆ ತೊಲೆ ಹಾಕಿದ್ದ. ಆ ಗೋಡೆಯನ್ನು ಪೂರ್ತಿ ತೆಗೆದರೂ ಒಂದು ಚೂರು ಗಾರೆ ಉದುರುತ್ತಿರಲಿಲ್ಲ.

"ಚೂರೂ ಒಡೆಯೋ ಹಾಗಿಲ್ವ? ಒಂದು ತೂತು?"

"ನಿನಗೇನು ಗೊತ್ತಾಗುತ್ತೆ ಅಕ್ಕ ಇದೆಲ್ಲ? ಇಂಜೆಕ್ಷನ್ ಕೊಡೋದು ನಾನು ನಿನಗೆ ಹೇಳಿಕೊಡ್ತೀನಾ?"

ಅಕ್ಕ ಎದ್ದು ಕಿಟಕಿ ಮುಚ್ಚಿದಳು. "ಸರಿಯಪ್ಪ. ನೀನು ಆಗಲ್ಲ ಅಂದಮೇಲೆ ಆಗಲ್ಲ" ಎಂದಳು.

ಖಾಲಿ ಕಟ್ಟಡವನ್ನು ಅವಳು ಏಳು ತಿಂಗಳು ಗುಡಿಸಿದಳು. ಬೇರೆ ಯಾರೂ ಕೇಳದಿದ್ದಾಗ ಹಳೇ ಚೀಲ, ಹಳೇ ಕಾಗದದ ವ್ಯಾಪಾರಿಯೊಬ್ಬ ಬಂದ. ಸುತ್ತ ಒಂದು ಸಲ ಓಡಾಡಿ, ಹಾಕಿದ ಗಂಟಿನ ಮೂರರಲ್ಲೊಂದು ಪಾಲಿಗೆ ಕೇಳಿದ.

"ದೆವ್ವದ ಮನೆ ಅಂತಾರಲ್ಲಮ್ಮ, ಅದಕ್ಕೇ ಇಷ್ಟು ಹೇಳಿದ್ದು. ನನಗೇನು, ಗೋಣಿಚೀಲಕ್ಕೆ ದೆವ್ವ ಹಿಡಿದ ಕಥೆ ನಾನಂತೂ ಕೇಳಿಲ್ಲ."

ಅಕ್ಕ ಒಪ್ಪಿದಳು.

ಕೊಟ್ಟ ಮೇಲೆ ಹದಿನೈದು ದಿನಕ್ಕೆ ಹಿಂದಿನ ಅಡುಗೆಮನೆಯಲ್ಲಿ ಬಿಟ್ಟಿದ್ದ ಎರಡು ದೊಡ್ಡ ಪಾತ್ರೆ ತರಲು ಅವಳು ತಮ್ಮನನ್ನು ಕರೆದುಕೊಂಡು ಹೋದಳು. ಬಾಗಿಲಲ್ಲೇ ಧೂಳು. ಚೀಲ ಪೇರಿಸಲು ಒಂದೇ ದೊಡ್ಡ ಹಜಾರ ಬೇಕೆಂದು ವ್ಯಾಪಾರಿ ಮೂರು ಮತ್ತು ನಾಲ್ಕನೇ ಕೋಣೆಯ ನಡುವಿನ ಗೋಡೆಯನ್ನು ಒಡೆಸುತ್ತಿದ್ದ. ಮುಕ್ಕಾಲು ಪಾಲು ಆಗಲೇ ನೆಲದ ಮೇಲಿತ್ತು. ತಾರಸಿ ಅಲುಗದೆ ಮೇಲಿತ್ತು.

ಸುತ್ತಿಗೆ ಹಿಡಿದಿದ್ದ ಆಳು ಮೇಸ್ತ್ರಿಯನ್ನು ಗುರುತಿಸಲಿಲ್ಲ. ಬೇರೆ ಊರಿನವನು. ಉಳಿದ ತುಂಡು ಗೋಡೆಯ ಒಳಗಿನ ಟೊಳ್ಳಿಗೆ ಕೈ ತೂರಿಸಿ ಅಕ್ಕನಿಗೆ ತೋರಿಸಿದ.

"ನೋಡಿ ಅಮ್ಮ, ಯಾವನೋ ಪುಣ್ಯಾತ್ಮ ಹೊಗೆಗೂಡು ಕಟ್ಟಿ ಕೆಳಗೆ ಮುಚ್ಚಿದಾನೆ. ಮೇಲೆ ಈಗೀಗ ಮುಚ್ಚಿರೋದು, ಸಿಮೆಂಟು ಇನ್ನೂ ಹೊಸದಾಗಿದೆ. ಇಷ್ಟು ದಿನ ಗಾಳಿಗೆ ಊಳಿಟ್ಟಿರಬೇಕು ಇದು, ಕೇಳಿಸಲಿಲ್ವ ನಿಮಗೆ?"

ಅಕ್ಕ ತಲೆಯೆತ್ತಿ ತಾರಸಿ ನೋಡಿದಳು, ತೊಲೆ ನೋಡಿದಳು. ನೆಲದ ಮೇಲಿನ ಇಟ್ಟಿಗೆ ನೋಡಿದಳು. ತಮ್ಮನ ಕಡೆ ಕೊನೆಗೆ ತಿರುಗಿದಳು.

"ಯಾವಾಗಿಂದ ಗೊತ್ತಿತ್ತು?"

"ಅಕ್ಕ, ನಾನು ಹೇಳಬೇಕು ಅಂತ..."

"ಯಾವಾಗಿಂದ ಅಂತ ಕೇಳಿದೆ."

"ಮೊದಲನೇ ದಿನದಿಂದ. ಆ ಹುಡುಗಿ ಎದ್ದು ಓಡಿಬಂದಳಲ್ಲ."

ಆಸ್ಪತ್ರೆಯಲ್ಲಿ ಅವಳು ಜೋರಾಗಿ ಬೈಯುವುದಕ್ಕೆ ಹೆಸರಾದವಳು. ಡಾಕ್ಟರುಗಳೂ ಹೆದರುತ್ತಿದ್ದರು. ಈಗ ಅವನು ಕಾದ. ಬೈದರೆ ಕಾಲು ಹಿಡಿಯೋಣ ಎಂದು ಕಾದ. ಅವಳು ಹಿಂದಿನ ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ತಂದಳು. ಒಂದನ್ನು ತೆಗೆದುಕೊಳ್ಳಲು ಅವನು ಕೈ ಚಾಚಿದ. ಅವಳು ಕೊಡಲಿಲ್ಲ. ಎರಡನ್ನೂ ಎರಡು ಕೈಯಲ್ಲಿ ಹಿಡಿದು, ಭಾರಕ್ಕೆ ಒಂದೆರಡು ಕಡೆ ನಿಂತು, ರಸ್ತೆಯುದ್ದಕ್ಕೂ ಒಬ್ಬಳೇ ನಡೆದು ಹೋದಳು.

ಈಗ ಆ ಕಟ್ಟಡದಲ್ಲಿ ಚೀಲಗಳಿವೆ. ಹಾಲಿನವನು, ಇಸ್ತ್ರಿಯವನು, ಎಲ್ಲರೂ ಅದರ ಜಗಲಿಯಲ್ಲಿ ಕೂತು ಹರಟುತ್ತಾರೆ. ಅಕ್ಕ ಒಂದು ಬಾಡಿಗೆ ಕೋಣೆಯಲ್ಲಿದ್ದಾಳೆ. ಅರವತ್ತೆರಡನೇ ವಯಸ್ಸಿಗೆ ಮತ್ತೆ ಯಾರದೋ ಮನೆಯಲ್ಲಿ ಹಾಸಿಗೆ ಹಿಡಿದ ಮುದುಕಿಯೊಬ್ಬಳನ್ನು ನೋಡಿಕೊಳ್ಳುವ ಕೆಲಸಕ್ಕೆ ಹೋಗುತ್ತಾಳೆ. ಟೆಲಿಫೋನ್ ಹುಡುಗಿಯ ಮದುವೆ ಮುರಿದದ್ದು ಮುರಿದೇ ಹೋಯಿತು. ಬಾಂಡ್ಲಿಯಮ್ಮನನ್ನು ಈ ಕಡೆಯ ಯಾವ ಮೇಸ್ತ್ರಿಯೂ ಕೆಲಸಕ್ಕೆ ಕರೆಯುವುದಿಲ್ಲ.

ಹೊಗೆಗೂಡಿನ ಮಾತನ್ನು ಅಕ್ಕ ಯಾರಿಗೂ ಹೇಳಲಿಲ್ಲ. ಒಡೆದ ಆಳು ತನ್ನ ಊರಿಗೆ ಹೋದ. ಗುಂಡು ಮೇಸ್ತ್ರಿ ಕಟ್ಟಿದ ಗೋಡೆಯಲ್ಲಿ ಒಂದು ಬಿರುಕು ಕಂಡವರಿಲ್ಲ ಎಂದು ಜನ ಇವತ್ತಿಗೂ ಹೇಳುತ್ತಾರೆ, ಕೈತುಂಬ ಕೆಲಸ ಕೊಡುತ್ತಾರೆ. ಅಕ್ಕ ಅವನ ಜೊತೆ ಮಾತಾಡುವುದಿಲ್ಲ.